ಪ್ರಭಾರ ಪಟ್ಟಿಯಲ್ಲಿ ಬರೆಯದೆ ಉಳಿದದ್ದು

ಸರ್ಕಾರಿ ಸೇವೆಯಲ್ಲಿ ಮೂವತ್ತನಾಲ್ಕು ವರ್ಷ ಕಳೆದ ನನ್ನಂಥವನಿಗೆ ‘ತರಬೇತಿ’ ಎಂಬ ಮಾತು ಕಿವಿಗೆ ಬಿದ್ದೊಡನೆ ಮೊದಲು ನೆನಪಾಗುವುದು ಪ್ಲಾಸ್ಟಿಕ್ ಫೋಲ್ಡರು. ಅದರೊಳಗೆ ಒಂದು ಪೆನ್ನು, ಒಂದು ಬರೆಯುವ ಪುಸ್ತಕ, ಯಾರೂ ಓದದ ನೂರು ಪುಟಗಳ ಜೆರಾಕ್ಸ್ ಪ್ರತಿ. ಬೆಳಿಗ್ಗೆ ದೀಪ ಬೆಳಗಿಸುವುದು, ಹನ್ನೊಂದಕ್ಕೆ ಚಹಾ, ಊಟದ ನಂತರದ ತೂಕಡಿಕೆ, ಸಂಜೆ ಗ್ರೂಪ್ ಫೋಟೊ, ಕೊನೆಗೆ ಪ್ರಯಾಣ ಭತ್ಯೆಯ ನಮೂನೆ. ‘ಉತ್ತಮ ಪದ್ಧತಿಗಳ ವಿನಿಮಯ’ ಎಂಬ ಬ್ಯಾನರಿನ ಕೆಳಗೆ ನಿಂತು ಇಂಥ ಶಿಬಿರಗಳನ್ನು ನಾನೇ ಹಲವು ಬಾರಿ ಉದ್ಘಾಟಿಸಿದ್ದೇನೆ. ಅವುಗಳಿಂದ ಏನು ವಿನಿಮಯವಾಯಿತೆಂದು ಯಾರಾದರೂ ಕೇಳಿದ್ದರೆ ಉತ್ತರಿಸುವುದು ಕಷ್ಟವಾಗುತ್ತಿತ್ತು. ಪುಣ್ಯಕ್ಕೆ ಯಾರೂ ಕೇಳಲಿಲ್ಲ.

ಕಳೆದ ವರ್ಷ ನನ್ನ ತಂಗಿಯ ಮಗಳು ಮನೆಗೆ ಬಂದಳು. ‘ಮಾವ, ಎರಡು ದಿನ ನಮ್ಮ ತರಬೇತಿಗೆ ಬಂದು ಕೂತುಕೊಳ್ಳಿ. ಭಾಷಣವೇನೂ ಬೇಡ. ಸ್ಪರ್ಧೆಯ ನಿಯಮಗಳ ಕರಡು ಓದಿ, ಎಲ್ಲಿ ತೂತಿದೆ ಅಂತ ಹೇಳಿದರೆ ಸಾಕು’ ಎಂದಳು. ನನಗೆ ಹೆಚ್ಚಿನ ಉತ್ಸಾಹ ಮೂಡಲಿಲ್ಲ. ಅವಳು ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ ಉದ್ಯೋಗಿ. ಬಿಡುವಿನ ವೇಳೆಯಲ್ಲಿ, ನಯಾಪೈಸೆ ಸಂಬಳವಿಲ್ಲದೆ, ಸ್ಮಾರಕಗಳ ಅಂತರರಾಷ್ಟ್ರೀಯ ಛಾಯಾಚಿತ್ರ ಸ್ಪರ್ಧೆಯೊಂದರ ಸ್ಥಳೀಯ ಸಂಘಟನೆಗೆ ಕೈಜೋಡಿಸುವವಳು. ಸ್ಪರ್ಧೆ ನಡೆಸುವುದಕ್ಕೂ ತರಬೇತಿ ಬೇಕೇ ಎಂಬ ಉದಾಸೀನದಿಂದಲೇ ಹೋದೆ. ಎರಡನೆಯ ದಿನ ಸಂಜೆ ಮರಳುವಾಗ ನನ್ನದೇ ಹಳೆಯ ಕಡತವೊಂದು ಮನಸ್ಸನ್ನು ಕೊರೆಯುತ್ತಿತ್ತು. ಆ ಕಡತದ ವಿಷಯವನ್ನು ಕೊನೆಗೆ ಹೇಳುತ್ತೇನೆ. ಮೊದಲು ಸ್ಪರ್ಧೆಯ ಬಗ್ಗೆ ಎರಡು ಮಾತು.

‘ವಿಕಿ ಲವ್ಸ್ ಮಾನ್ಯುಮೆಂಟ್ಸ್’ ಎಂಬ ಈ ಸ್ಪರ್ಧೆ ಆರಂಭವಾದದ್ದು 2010ರಲ್ಲಿ, ನೆದರ್ಲೆಂಡ್ಸ್‌ನಲ್ಲಿ. ವಿಕಿಪೀಡಿಯಕ್ಕೆ ಬರೆಯುತ್ತಿದ್ದ ಕೆಲವು ಸ್ವಯಂಸೇವಕರಿಗೆ ತಮ್ಮ ದೇಶದ ಸಂರಕ್ಷಿತ ಕಟ್ಟಡಗಳ ಬಗೆಗಿನ ಲೇಖನಗಳಿಗೆ ಮುಕ್ತವಾಗಿ ಬಳಸಬಹುದಾದ ಚಿತ್ರಗಳು ಬೇಕಾಗಿದ್ದವು. ಜನರನ್ನೇ ಕೇಳಿದರು. ಒಂದು ತಿಂಗಳಲ್ಲಿ ಹನ್ನೆರಡು ಸಾವಿರಕ್ಕೂ ಹೆಚ್ಚು ಚಿತ್ರಗಳು ಬಂದವು. ಮರುವರ್ಷ ಯುರೋಪಿನ 18 ದೇಶಗಳು ಸೇರಿಕೊಂಡವು. ಆ ವರ್ಷ ಬಂದ 1.68 ಲಕ್ಷ ಚಿತ್ರಗಳು ಸ್ಪರ್ಧೆಗೆ ಗಿನ್ನೆಸ್ ದಾಖಲೆಯಲ್ಲಿ ಸ್ಥಾನ ಕೊಟ್ಟವು. 2012ರಲ್ಲಿ ಭಾರತವೂ ಭಾಗವಹಿಸಿತು. ದೆಹಲಿಯ ಸಫ್ದರ್‌ಜಂಗ್ ಸಮಾಧಿಯ ಚಿತ್ರವೊಂದು ಆ ವರ್ಷ ಅಂತರರಾಷ್ಟ್ರೀಯ ಮಟ್ಟದಲ್ಲಿ ಪ್ರಥಮ ಬಹುಮಾನ ಪಡೆಯಿತು. ಇದೇ ಮಾದರಿಯಲ್ಲಿ ಪ್ರಕೃತಿ ತಾಣಗಳ ಸ್ಪರ್ಧೆ 2013ರಲ್ಲಿ ಉಕ್ರೇನಿನಲ್ಲಿ ಹುಟ್ಟಿತು. 2014ರಲ್ಲಿ ಆಫ್ರಿಕಾ ಖಂಡಕ್ಕೆ ಪ್ರತ್ಯೇಕ ಸ್ಪರ್ಧೆ ಬಂದಿತು.

ಆಡಳಿತದ ದೃಷ್ಟಿಯಿಂದ ನನ್ನ ಗಮನ ಸೆಳೆದದ್ದು ಸ್ಪರ್ಧೆಯ ರಚನೆ. ಎಲ್ಲವನ್ನೂ ನಡೆಸುವ ಕೇಂದ್ರ ಕಚೇರಿ ಇಲ್ಲಿಲ್ಲ. ಆಯಾ ದೇಶದ ಸ್ವಯಂಸೇವಕರು ತಮ್ಮ ಪಟ್ಟಿ, ತಮ್ಮ ತೀರ್ಪುಗಾರರು, ತಮ್ಮ ಬಹುಮಾನಗಳೊಂದಿಗೆ ತಾವೇ ಸ್ಪರ್ಧೆ ನಡೆಸುತ್ತಾರೆ. ಪ್ರತಿ ದೇಶವೂ ಹತ್ತರವರೆಗೆ ಚಿತ್ರಗಳನ್ನು ಅಂತರರಾಷ್ಟ್ರೀಯ ತೀರ್ಪುಗಾರರ ಮಂಡಳಿಗೆ ಕಳುಹಿಸುತ್ತದೆ. ಒಕ್ಕೂಟ ವ್ಯವಸ್ಥೆ ಎಂದು ನಾವು ಪಠ್ಯಪುಸ್ತಕಗಳಲ್ಲಿ ಓದುವುದು ಇಲ್ಲಿ ಆಚರಣೆಯಲ್ಲಿದೆ. ಆದರೆ ಈ ವ್ಯವಸ್ಥೆಗೆ ಒಂದು ದೊಡ್ಡ ದೌರ್ಬಲ್ಯವಿದೆ. ಸಂಘಟಕರು ಸಂಬಳದ ನೌಕರರಲ್ಲ. ಒಬ್ಬನಿಗೆ ಮದುವೆಯಾಗುತ್ತದೆ, ಇನ್ನೊಬ್ಬಳಿಗೆ ಬೇರೆ ಊರಲ್ಲಿ ಕೆಲಸ ಸಿಗುತ್ತದೆ, ಮತ್ತೊಬ್ಬರಿಗೆ ಸಾಕಾಗಿಬಿಡುತ್ತದೆ. ಅವರು ಹೋಗುವಾಗ ಮೂರು ವರ್ಷ ಕಲಿತದ್ದೂ ಅವರೊಂದಿಗೇ ಹೋಗುತ್ತದೆ. ಮುಂದೆ ಬಂದವರು ಅದೇ ಕಲ್ಲಿಗೆ ಅದೇ ಕಾಲನ್ನು ಎಡವುತ್ತಾರೆ. ಒಂದು ವರ್ಷ ಅದ್ಧೂರಿಯಾಗಿ ನಡೆದ ಸ್ಪರ್ಧೆ ಮರುವರ್ಷ ಸದ್ದಿಲ್ಲದೆ ನಿಂತುಹೋಗುವುದು ಹೀಗೆ. ಸಂಘಟಕರಿಗೆ ತರಬೇತಿ ಬೇಕಾದದ್ದು ಇದನ್ನು ತಡೆಯಲು.

ತರಬೇತಿಯ ಮೊದಲ ಅವಧಿಯೇ ನನ್ನ ಪೂರ್ವಗ್ರಹವನ್ನು ಅಲ್ಲಾಡಿಸಿತು. ಏಳೆಂಟು ಮಂದಿ ಕೋಣೆಯಲ್ಲಿದ್ದರು. ಉಳಿದವರು ಬೇರೆ ಬೇರೆ ದೇಶಗಳಿಂದ ಪರದೆಯ ಮೇಲೆ ಸೇರಿಕೊಂಡಿದ್ದರು. ಪ್ರತಿಯೊಬ್ಬರಿಗೂ ಹತ್ತು ನಿಮಿಷ. ಹೇಳಬೇಕಾದದ್ದು ತಾವು ಸಾಧಿಸಿದ್ದನ್ನಲ್ಲ, ತಮ್ಮಲ್ಲಿ ಕೆಟ್ಟುಹೋದದ್ದನ್ನು. ನನ್ನ ಸೇವಾವಧಿಯಲ್ಲಿ ಇಂಥ ಒಂದು ಅವಧಿಯನ್ನು ನಾನು ಕಂಡಿರಲಿಲ್ಲ. ನಮ್ಮಲ್ಲಿ ಪ್ರತಿ ಜಿಲ್ಲೆಯೂ ತನ್ನ ಯಶೋಗಾಥೆಯನ್ನು ಬಣ್ಣದ ಸ್ಲೈಡುಗಳಲ್ಲಿ ತೋರಿಸುತ್ತಿತ್ತು. ಪಕ್ಕದ ಜಿಲ್ಲೆ ಚಪ್ಪಾಳೆ ತಟ್ಟಿ, ಊರಿಗೆ ಹೋಗಿ ಮರೆಯುತ್ತಿತ್ತು.

ಒಬ್ಬ ಸಂಘಟಕ ಹೇಳಿದ ಪ್ರಸಂಗ ನೆನಪಿನಲ್ಲಿ ಉಳಿದಿದೆ. ಸಣ್ಣ ಊರಿನ ಸ್ಟುಡಿಯೊ ಮಾಲೀಕರೊಬ್ಬರು ಬಹಳ ಪ್ರೀತಿಯಿಂದ ಚಿತ್ರಗಳನ್ನು ಕಳುಹಿಸಿದ್ದರು. ಮುಂದಿನ ವರ್ಷ ಅವುಗಳಲ್ಲೊಂದು ವ್ಯಾಪಾರಿಯೊಬ್ಬನ ಕ್ಯಾಲೆಂಡರಿನಲ್ಲಿ ಅಚ್ಚಾಯಿತು. ಕಾನೂನಿನ ಪ್ರಕಾರ ತಪ್ಪೇನೂ ಇರಲಿಲ್ಲ. ಈ ಸ್ಪರ್ಧೆಗೆ ಕಳುಹಿಸುವ ಚಿತ್ರದ ಹಕ್ಕು ಛಾಯಾಗ್ರಾಹಕನಲ್ಲೇ ಉಳಿಯುತ್ತದೆ. ಆದರೆ ತನ್ನ ಹೆಸರು ನಮೂದಿಸಿ ಯಾರು ಬೇಕಾದರೂ, ವ್ಯಾಪಾರಕ್ಕೂ, ಅದನ್ನು ಬಳಸಬಹುದೆಂಬ ಮುಕ್ತ ಪರವಾನಗಿಯನ್ನು ಆತ ಕೊಟ್ಟಿರುತ್ತಾನೆ. ಆ ಮಾಲೀಕರು ಒಪ್ಪಿಗೆಯ ಗುಂಡಿ ಒತ್ತಿದ್ದರು; ಅದರ ಅರ್ಥವನ್ನು ಯಾರೂ ಅವರ ಭಾಷೆಯಲ್ಲಿ ಹೇಳಿರಲಿಲ್ಲ. ತಾನು ಮೋಸಹೋದೆ ಎಂದುಕೊಂಡ ಆ ಮನುಷ್ಯ ಮತ್ತೆ ಎಂದೂ ಇತ್ತ ತಲೆಹಾಕಲಿಲ್ಲ. ‘ಆ ಒಂದು ಪುಟವನ್ನು ನಾನು ಅನುವಾದ ಮಾಡಿಸಬೇಕಿತ್ತು’ ಎಂದು ಆ ಯುವಕ ತಲೆ ತಗ್ಗಿಸಿ ಹೇಳಿದ. ಪರದೆಯ ಮೇಲಿದ್ದ ಮೂವರು ಆ ಮಾತನ್ನು ಬರೆದುಕೊಂಡರು.

ಕಾನೂನಿನ ವಿಷಯದಲ್ಲಿ ದೇಶದೇಶಗಳ ನಡುವೆ ಇರುವ ಅಂತರವೂ ನನಗೆ ಹೊಸ ಪಾಠವಾಯಿತು. ಸಾರ್ವಜನಿಕ ಸ್ಥಳದಲ್ಲಿ ನಿಂತ ಕಟ್ಟಡದ ಚಿತ್ರ ತೆಗೆಯಲು ಯಾರ ಅಪ್ಪಣೆ ಬೇಕು ಎಂದು ನಾವು ಸಹಜವಾಗಿ ಭಾವಿಸುತ್ತೇವೆ. ಭಾರತದ 1957ರ ಕೃತಿಸ್ವಾಮ್ಯ ಕಾಯ್ದೆಯ 52ನೆಯ ಪ್ರಕರಣ ನಮಗೆ ಆ ಸ್ವಾತಂತ್ರ್ಯ ಕೊಟ್ಟಿದೆ. ಬೆಲ್ಜಿಯಂನಲ್ಲಿ 2016ರಲ್ಲಿ ಕಾನೂನು ಬದಲಾಗುವವರೆಗೆ, ಬ್ರಸೆಲ್ಸ್‌ನ ಪ್ರಸಿದ್ಧ ಅಟೋಮಿಯಂನ ಚಿತ್ರವನ್ನು ಮುಕ್ತ ಪರವಾನಗಿಯಲ್ಲಿ ಹಂಚುವಂತಿರಲಿಲ್ಲ. ಇಟಲಿಯಲ್ಲಿ ಕಟ್ಟಡ ಶತಮಾನಗಳಷ್ಟು ಹಳೆಯದಾಗಿ, ಕೃತಿಸ್ವಾಮ್ಯ ಎಂದೋ ಮುಗಿದಿದ್ದರೂ, ಪಾರಂಪರಿಕ ಆಸ್ತಿಯ ಕಾನೂನು ಅಡ್ಡ ನಿಲ್ಲುತ್ತದೆ. ಅಲ್ಲಿನ ಸ್ವಯಂಸೇವಕರು ಪುರಸಭೆ ಪುರಸಭೆಗೂ ಪತ್ರ ಬರೆದು, ತಮ್ಮ ವ್ಯಾಪ್ತಿಯ ಸ್ಮಾರಕಗಳ ಚಿತ್ರ ಹಂಚಲು ಅನುಮತಿ ಪಡೆಯುತ್ತ ಬಂದಿದ್ದಾರೆ. ನೆನಪೋಲೆಯ ಮೇಲೆ ನೆನಪೋಲೆ ಕಳುಹಿಸಿಯೂ ಉತ್ತರ ಬಾರದ ಇಲಾಖೆಗಳನ್ನು ಬಲ್ಲ ನನಗೆ ಅವರ ಬಗ್ಗೆ ಅನುಕಂಪವೂ ಗೌರವವೂ ಒಟ್ಟಿಗೇ ಮೂಡಿದವು.

ಇಲ್ಲಿಯೇ ‘ಉತ್ತಮ ಪದ್ಧತಿ’ ಎಂಬ ಮಾತಿನ ಮಿತಿ ಗೋಚರಿಸುತ್ತದೆ. ಈ ಸ್ಪರ್ಧೆ ಹುಟ್ಟಿದ್ದು ಸೆಪ್ಟೆಂಬರ್ ತಿಂಗಳ ಸ್ಪರ್ಧೆಯಾಗಿ. ಯುರೋಪಿನಲ್ಲಿ ಅದು ಪರಂಪರೆಯ ದಿನಗಳನ್ನು ಆಚರಿಸುವ, ಬಿಸಿಲು ಹದವಾಗಿರುವ ತಿಂಗಳು. ನಮ್ಮ ಮಲೆನಾಡಿನ ಇಕ್ಕೇರಿಯಲ್ಲೋ ಬಳ್ಳಿಗಾವಿಯಲ್ಲೋ ಸೆಪ್ಟೆಂಬರಿನಲ್ಲಿ ಕ್ಯಾಮೆರಾ ಹೊರತೆಗೆಯುವವರು ಜೊತೆಗೊಬ್ಬ ಕೊಡೆ ಹಿಡಿಯುವವನನ್ನೂ ಕರೆದೊಯ್ಯಬೇಕು. ಒಂದು ಕಡೆ ಚೆನ್ನಾಗಿ ನಡೆದದ್ದನ್ನು ಇನ್ನೊಂದು ಕಡೆ ಸುತ್ತೋಲೆಯ ಮೂಲಕ ಜಾರಿಗೊಳಿಸಿದರೆ ಏನಾಗುತ್ತದೆ ಎಂಬುದನ್ನು ನಾನು ಜಲಾನಯನ ಯೋಜನೆಯಿಂದ ಶೌಚಾಲಯ ಯೋಜನೆಯವರೆಗೆ ಕಂಡಿದ್ದೇನೆ. ಪದ್ಧತಿಯೊಂದಿಗೆ ಅದರ ಕಾರಣವೂ ಪ್ರಯಾಣ ಮಾಡಬೇಕು. ಇದನ್ನು ಏಕೆ ಹೀಗೆ ಮಾಡಿದೆವು, ಯಾವ ಪರಿಸ್ಥಿತಿಯಲ್ಲಿ ಇದು ಕೈಕೊಡುತ್ತದೆ ಎಂಬುದನ್ನು ಹೇಳದೆ ಪದ್ಧತಿಯನ್ನಷ್ಟೇ ದಾಟಿಸುವುದು, ಕೀಲಿಕೈ ಕೊಟ್ಟು ಮನೆಯ ವಿಳಾಸ ಕೊಡದಿದ್ದಂತೆ.

ಅರ್ಥಶಾಸ್ತ್ರದ ಹಳೆಯ ವಿದ್ಯಾರ್ಥಿಯಾದ ನನಗೆ ಇದು ಅಪರಿಚಿತ ವಿಚಾರವೇನಲ್ಲ. ಸಮಾಜಕ್ಕೆ ಬೇಕಾದ ಜ್ಞಾನ ಒಂದೆಡೆ ಗುಡ್ಡೆಯಾಗಿರುವುದಿಲ್ಲ, ಅಸಂಖ್ಯ ಜನರಲ್ಲಿ ಚೂರುಚೂರಾಗಿ ಹರಡಿರುತ್ತದೆ ಎಂದು ಹಯೆಕ್ 1945ರಷ್ಟು ಹಿಂದೆಯೇ ವಾದಿಸಿದ್ದರು. ಎಲಿನೋರ್ ಆಸ್ಟ್ರಮ್ ಅವರು ಮೀನುಗಾರಿಕೆ, ನೀರಾವರಿ, ಹುಲ್ಲುಗಾವಲುಗಳಂಥ ಸಾಮೂಹಿಕ ಸಂಪತ್ತನ್ನು ಜನರೇ ಹೇಗೆ ನಿಭಾಯಿಸುತ್ತಾರೆಂದು ದಶಕಗಳ ಕಾಲ ಅಧ್ಯಯನ ಮಾಡಿದರು. ಸ್ಥಳೀಯ ಪರಿಸ್ಥಿತಿಗೆ ಹೊಂದುವ, ಬಳಸುವವರೇ ತಿದ್ದಬಲ್ಲ ನಿಯಮಗಳಿರುವಲ್ಲಿ ಇಂಥ ವ್ಯವಸ್ಥೆಗಳು ಬಾಳುತ್ತವೆ ಎಂಬುದು ಅವರ ನಿಲುವು. 2009ರಲ್ಲಿ ಅವರಿಗೆ ನೊಬೆಲ್ ಪುರಸ್ಕಾರ ಬಂದಿತು. ಮುಕ್ತ ಛಾಯಾಚಿತ್ರಗಳ ಈ ಭಂಡಾರ ಒಂದು ವಿಷಯದಲ್ಲಿ ಹುಲ್ಲುಗಾವಲಿಗಿಂತ ಭಿನ್ನ. ಎಷ್ಟು ಜನ ಬಳಸಿದರೂ ಚಿತ್ರ ಸವೆಯುವುದಿಲ್ಲ. ಸವೆಯುವುದು ಸ್ವಯಂಸೇವಕರ ಸಮಯ ಮತ್ತು ತಾಳ್ಮೆ. ತರಬೇತಿ ಕಾಪಾಡಬೇಕಾದದ್ದು ಅದನ್ನು.

ಇನ್ನೊಂದು ಪ್ರಶ್ನೆ ಬಹುಮಾನದ್ದು. ಹಂಪಿಯ ಕಲ್ಲಿನ ರಥದ ಚಿತ್ರಗಳಿಗೆ ಲೆಕ್ಕವೇ ಇಲ್ಲ. ಮತ್ತೊಂದು ಬಂದರೆ ಜ್ಞಾನಕ್ಕೆ ಸೇರುವುದು ಅತ್ಯಲ್ಪ. ಊರಾಚೆಯ ಹೊಲದ ಬದುವಿನಲ್ಲಿ ನಿಂತ, ಯಾರೂ ಚಿತ್ರ ತೆಗೆಯದ ವೀರಗಲ್ಲಿನ ಮೊದಲ ಚಿತ್ರ ಮಸುಕಾಗಿದ್ದರೂ ಅಮೂಲ್ಯ. ಸೀಮಾಂತ ತುಷ್ಟಿಗುಣದ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಡ. ಆದರೆ ಸೌಂದರ್ಯವೊಂದನ್ನೇ ನೋಡುವ ತೀರ್ಪುಗಾರರಿದ್ದರೆ ಬಹುಮಾನ ರಥಕ್ಕೇ ಹೋಗುತ್ತದೆ. ಮುಂದಿನ ವರ್ಷ ಎಲ್ಲರೂ ಹಂಪಿಯ ಬಸ್ಸು ಹತ್ತುತ್ತಾರೆ. ಈವರೆಗೆ ಚಿತ್ರವೇ ಇಲ್ಲದ ಸ್ಮಾರಕಗಳಿಗೆ ಪ್ರತ್ಯೇಕ ಬಹುಮಾನವಿಡಬೇಕೆಂದು ಒಬ್ಬ ಶಿಕ್ಷಕಿ ವಾದಿಸಿದರು. ಹಾಗೆ ಮಾಡಿದಾಗ ತಮ್ಮಲ್ಲಿ ಕೆಲವರು ನೂರಾರು ಅವಸರದ ಚಿತ್ರಗಳನ್ನು ಸುರಿದು, ಪರಿಶೀಲಿಸುವವರು ಹೈರಾಣಾದರು ಎಂದು ಇನ್ನೊಬ್ಬರು ಎಚ್ಚರಿಸಿದರು. ಸಂಖ್ಯೆಗೆ ಗುರಿ ನಿಗದಿಪಡಿಸಿದರೆ ಸಂಖ್ಯೆಯೇ ಬರುತ್ತದೆ ಎಂಬುದನ್ನು ನನಗೆ ಯಾರೂ ಹೇಳಿಕೊಡಬೇಕಿಲ್ಲ. ಸಾಲಮೇಳ, ಶಸ್ತ್ರಚಿಕಿತ್ಸೆಯ ಗುರಿ, ಗಿಡ ನೆಡುವ ಗುರಿ—ನನ್ನ ತಲೆಮಾರಿನ ಅಧಿಕಾರಿಗಳು ಈ ಪಾಠವನ್ನು ಕಲಿತೇ ನಿವೃತ್ತರಾದವರು.

ಎಲ್ಲಕ್ಕಿಂತ ಹೆಚ್ಚು ಸಮಯ ಹಿಡಿದದ್ದು ಪಟ್ಟಿಯ ಚರ್ಚೆ. ಯಾವುದು ಸ್ಮಾರಕ, ಅದು ಎಲ್ಲಿದೆ ಎಂಬ ಪಟ್ಟಿ ಇಲ್ಲದೆ ಸ್ಪರ್ಧೆ ನಡೆಯದು. ನೆದರ್ಲೆಂಡ್ಸ್‌ನಂಥ ಪುಟ್ಟ ದೇಶದ ರಾಷ್ಟ್ರೀಯ ನೋಂದಣಿಯಲ್ಲಿ ಸುಮಾರು 60 ಸಾವಿರ ಸ್ಮಾರಕಗಳಿವೆ. ಇಡೀ ಭಾರತದಲ್ಲಿ ಕೇಂದ್ರ ಪುರಾತತ್ವ ಸರ್ವೇಕ್ಷಣ ಇಲಾಖೆಯ ರಕ್ಷಣೆಯಲ್ಲಿರುವವು 3,700ಕ್ಕೂ ಕಡಿಮೆ. ರಾಜ್ಯಗಳ ಪಟ್ಟಿ ಬೇರೆ ಇದೆ, ನಿಜ. ಆದರೆ ಒಂದೇ ಗುಡಿಗೆ ಎರಡು ಕಾಗುಣಿತ, ಒಂದೇ ಹೆಸರಿನ ಮೂರು ಊರು, ‘ಗ್ರಾಮದ ಈಶಾನ್ಯಕ್ಕೆ’ ಎಂಬಷ್ಟೇ ವಿಳಾಸ—ಇವುಗಳ ನಡುವೆ ಸ್ವಯಂಸೇವಕ ಏನು ಮಾಡಬೇಕು? ಸರ್ಕಾರಕ್ಕೇ ತನ್ನ ಸ್ಮಾರಕಗಳೆಲ್ಲಿವೆ ಎಂದು ತಿಳಿಯದ ಸ್ಥಿತಿ ಇದೆ. ಮಹಾಲೇಖಪಾಲರ 2013ರ ವರದಿಯು ಪರಿಶೀಲಿಸಿದ 1,655 ಸ್ಮಾರಕಗಳಲ್ಲಿ 92 ಕಾಣೆಯಾಗಿವೆ ಎಂದಿತು. ಇಲಾಖೆ ಮತ್ತೆ ಹುಡುಕಿ ಕೆಲವನ್ನು ಪತ್ತೆಹಚ್ಚಿತು. ಕೆಲವು ನಗರದ ಹೊಟ್ಟೆಗೆ, ಕೆಲವು ಜಲಾಶಯದ ಆಳಕ್ಕೆ ಹೋಗಿದ್ದವು. 24 ಸ್ಮಾರಕಗಳ ಸುಳಿವೇ ಸಿಕ್ಕಿಲ್ಲವೆಂಬ ಸಂಗತಿ 2023ರ ಆರಂಭದಲ್ಲಿ ಸಂಸದೀಯ ಸಮಿತಿಯ ವರದಿಯಿಂದ ಬೆಳಕಿಗೆ ಬಂತು.

ಇದೆಲ್ಲ ಸರ್ಕಾರದ ಕೆಲಸವಲ್ಲವೇ, ಸ್ವಯಂಸೇವಕರ ಬಿಟ್ಟಿ ದುಡಿಮೆಯ ಮೇಲೆ ಏಕೆ ಹೊರಿಸಬೇಕು ಎಂದು ಕೇಳುವವರಿದ್ದಾರೆ. ಪ್ರಶ್ನೆ ನ್ಯಾಯವಾದದ್ದೇ. ಛಾಯಾಚಿತ್ರ ಸಂರಕ್ಷಣೆಯಲ್ಲ, ಕುಸಿಯುವ ಗೋಡೆಯನ್ನು ಕ್ಯಾಮೆರಾ ತಡೆಯದು. ಆದರೆ ಇತ್ತೆಂಬ ದಾಖಲೆಯೇ ಇಲ್ಲದ್ದು ಕಾಣೆಯಾಯಿತೆಂದು ದೂರು ಕೊಡುವುದಾದರೂ ಹೇಗೆ? 2018ರ ಸೆಪ್ಟೆಂಬರಿನಲ್ಲಿ ಬ್ರೆಜಿಲ್‌ನ ರಾಷ್ಟ್ರೀಯ ವಸ್ತುಸಂಗ್ರಹಾಲಯ ಬೆಂಕಿಗೆ ಆಹುತಿಯಾದಾಗ, ಅಲ್ಲಿನ ವಿದ್ಯಾರ್ಥಿಗಳು ಮತ್ತು ವಿಕಿಪೀಡಿಯದವರು ಕೇಳಿಕೊಂಡದ್ದು ಒಂದನ್ನೇ: ಯಾರಾದರೂ ಎಂದಾದರೂ ಒಳಗೆ ತೆಗೆದ ಫೋಟೊ ಇದ್ದರೆ ಕಳುಹಿಸಿ ಎಂದು. ಇದಕ್ಕೆ ಇನ್ನೊಂದು ಮುಖವೂ ಇದೆ. ಕಾವಲಿಲ್ಲದ ಗುಡಿಯ ವಿಗ್ರಹದ ಚಿತ್ರವನ್ನೂ ನಿಖರ ವಿಳಾಸವನ್ನೂ ಲೋಕಕ್ಕೆ ಸಾರಿದರೆ ಕಳ್ಳನಿಗೆ ದಾರಿ ತೋರಿಸಿದಂತಾದೀತು. ಈ ವಿಷಯದಲ್ಲಿ ತರಬೇತಿಯಲ್ಲಿ ಒಮ್ಮತ ಮೂಡಲಿಲ್ಲ. ಮೂಡಲಿಲ್ಲವೆಂಬುದನ್ನೂ ಅವರು ಬರೆದಿಟ್ಟರು.

ಈಗ ನನ್ನ ಕಡತದ ವಿಷಯ. 1991ರಲ್ಲಿ ನಾನು ಉಪವಿಭಾಗವೊಂದರ ಅಧಿಕಾರಿಯಾಗಿದ್ದೆ. ವಯಸ್ಸಿನ ಹುರುಪು. ಊರೂರು ಸುತ್ತುವಾಗ ಕಂಡ ವೀರಗಲ್ಲು, ಮಾಸ್ತಿಗಲ್ಲುಗಳನ್ನು ಗ್ರಾಮಲೆಕ್ಕಿಗರ ಮೂಲಕ ಪಟ್ಟಿ ಮಾಡಿಸಿದೆ. ಸ್ಥಳೀಯ ಛಾಯಾಗ್ರಾಹಕರೊಬ್ಬರು ರೀಲಿನ ಖರ್ಚು ಮಾತ್ರ ಪಡೆದು, ನನ್ನ ಜೀಪಿನಲ್ಲಿ ಕುಳಿತು ಬಂದು ನೂರಕ್ಕೂ ಹೆಚ್ಚು ಚಿತ್ರ ತೆಗೆದರು. ಕೆಲವು ಕಲ್ಲುಗಳು ರಸ್ತೆಯಂಚಿನಲ್ಲಿ ಯಾರದೋ ದನ ಕಟ್ಟುವ ಗೂಟವಾಗಿದ್ದವು. ಕೆಲಸ ಅರ್ಧಕ್ಕೆ ಬಂದಾಗ ನನಗೆ ವರ್ಗವಾಯಿತು. ಪ್ರಭಾರ ವಹಿಸಿಕೊಡುವ ಪ್ರಮಾಣಪತ್ರ ಎಂದರೆ ಮೂರು ಸಾಲು: ಇಂಥ ದಿನ, ಪೂರ್ವಾಹ್ನ ಅಥವಾ ಅಪರಾಹ್ನ, ಇಬ್ಬರ ಸಹಿ. ಜೊತೆಗಿನ ಪಟ್ಟಿಯಲ್ಲಿ ಖಜಾನೆಯ ಕೀಲಿ, ವಾಹನ, ನ್ಯಾಯಾಲಯದ ಪ್ರಕರಣಗಳು, ಬಾಕಿ ಕಡತಗಳು ಇದ್ದವು. ಕಲ್ಲುಗಳ ವಿಷಯ ಇರಲಿಲ್ಲ. ಅದು ಸರ್ಕಾರದ ಯಾವ ಯೋಜನೆಯೂ ಆಗಿರಲಿಲ್ಲವಲ್ಲ! ಉತ್ತರಾಧಿಕಾರಿಗೆ ಬಾಯಲ್ಲಾದರೂ ಹೇಳಬಹುದಿತ್ತು. ಹೊಸ ಜಾಗದ ಗಡಿಬಿಡಿಯಲ್ಲಿ ಹೇಳಲಿಲ್ಲ.

ನಿವೃತ್ತಿಗೆ ಎರಡು ವರ್ಷ ಮುಂಚೆ ಅದೇ ದಾರಿಯಲ್ಲಿ ಹೋಗುವ ಸಂದರ್ಭ ಒದಗಿತು. ರಸ್ತೆ ಅಗಲವಾಗಿತ್ತು. ನಾಲ್ಕು ಕಡೆ ಕಾರು ನಿಲ್ಲಿಸಿ ಹುಡುಕಿದೆ. ಒಂದೇ ಒಂದು ಕಲ್ಲು ಸಿಕ್ಕಿತು, ಮೋರಿಯ ಮೇಲೆ ಚಪ್ಪಡಿಯಾಗಿ, ಮುಖ ಕೆಳಗಾಗಿ. ಹಳೆಯ ಕಚೇರಿಯಲ್ಲಿ ಕಡತ ಕೇಳಿದರೆ, ಅವಧಿ ಮೀರಿದ ಕಾಗದಗಳೊಂದಿಗೆ ವಿಲೇವಾರಿಯಾಗಿರಬೇಕೆಂದರು. ಅವರ ತಪ್ಪಲ್ಲ, ಅದನ್ನು ಉಳಿಸಬೇಕೆಂದು ಅದರ ಮೇಲೆ ನಾನು ಬರೆದಿರಲಿಲ್ಲ. ರಸ್ತೆ ಅಗಲ ಮಾಡಿದ ಎಂಜಿನಿಯರಿಗೂ ಅಲ್ಲಿ ಏನಿದೆಯೆಂದು ಹೇಳುವವರಿರಲಿಲ್ಲ. ಹೇಳಬೇಕಾಗಿದ್ದವನು ಹೊಸ ಜಿಲ್ಲೆಯಲ್ಲಿ ‘ಉತ್ತಮ ಪದ್ಧತಿಗಳ’ ಶಿಬಿರ ಉದ್ಘಾಟಿಸುತ್ತಿದ್ದ.

ಆದ್ದರಿಂದಲೇ ಈ ಯುವಜನರ ತರಬೇತಿ ನನ್ನನ್ನು ತಟ್ಟಿತು. ಅವರಿಂದ ನಮ್ಮ ಇಲಾಖೆಗಳು ಕಲಿಯಬಹುದಾದ ಕೆಲವು ಸರಳ ಸಂಗತಿಗಳಿವೆ. ಕೆಲಸ ಬಿಡುವವರು ಎರಡು ಪುಟದ ಟಿಪ್ಪಣಿ ಬರೆದಿಡಬೇಕು: ಏನು ಮಾಡಿದೆ, ಏನು ಕೆಟ್ಟಿತು, ಯಾವುದು ಅರ್ಧಕ್ಕೆ ನಿಂತಿದೆ, ಯಾರನ್ನು ಕೇಳಬೇಕು. ಹೊಸಬರು ಒಂದು ವರ್ಷ ಹಳಬರ ಪಕ್ಕದಲ್ಲಿದ್ದು ಕೆಲಸ ಮಾಡಬೇಕು. ಏಕೆಂದರೆ ಬರೆಯಲಾಗದ ತಿಳಿವಳಿಕೆ ಒಡನಾಟದಿಂದಷ್ಟೇ ದಾಟುತ್ತದೆ. ಮುಖ್ಯ ಸೂಚನೆಗಳು ಕನ್ನಡದಲ್ಲಿರಬೇಕು. ಹಾಗಿದ್ದರೆ ಮಾತ್ರ ತಾಲ್ಲೂಕು ಕೇಂದ್ರದ ಸ್ಟುಡಿಯೊ ಮಾಲೀಕರೂ ಕಾಲೇಜಿನ ವಿದ್ಯಾರ್ಥಿಯೂ ಸಂಘಟಕರಾಗಬಲ್ಲರು. ಸರ್ಕಾರ ತನ್ನ ಪಾಲಿಗೆ ಒಂದನ್ನು ಮಾಡಿದರೆ ಸಾಕು: ಕೇಂದ್ರದ ಮತ್ತು ರಾಜ್ಯದ ಸಂರಕ್ಷಿತ ಸ್ಮಾರಕಗಳ ಪಟ್ಟಿಯನ್ನು ಸರಿಯಾದ ಊರಿನ ಹೆಸರು, ಸರ್ವೆ ನಂಬರಿನೊಂದಿಗೆ ತಿದ್ದಿ, ಯಾರು ಬೇಕಾದರೂ ಬಳಸುವಂತೆ ಪ್ರಕಟಿಸಲಿ. ಉಳಿದದ್ದನ್ನು ಊರಿನವರು ಮಾಡುತ್ತಾರೆ. ಬೆಂಗಳೂರಿನ ಹೆಬ್ಬಾಳದಲ್ಲಿ 2018ರಲ್ಲಿ ಬೆಳಕಿಗೆ ಬಂದ, ಎಂಟನೆಯ ಶತಮಾನದ ಕಿತ್ತಯ್ಯನ ವೀರಗಲ್ಲನ್ನು ಉಳಿಸಿಕೊಂಡದ್ದರಲ್ಲಿ ಆಸಕ್ತ ನಾಗರಿಕರ ಪಾತ್ರ ದೊಡ್ಡದು.

ಎರಡನೆಯ ದಿನದ ಕೊನೆಯಲ್ಲಿ ದೀಪವಿರಲಿಲ್ಲ, ಹಾರವಿರಲಿಲ್ಲ. ತಂಗಿಯ ಮಗಳು ನನ್ನ ಮುಂದೆ ಒಂದು ಬಿಳಿ ಹಾಳೆ ಇಟ್ಟು, ‘ಮಾವ, ನೀವೂ ಬರೀಬೇಕು. ಎಲ್ಲರೂ ಬರೆದಿದ್ದಾರೆ’ ಎಂದಳು. ನಾನು ಸಂಘಟಕನಲ್ಲವಲ್ಲ ಎಂದೆ. ‘ಪರವಾಗಿಲ್ಲ, ನಿಮ್ಮಲ್ಲಿ ಕೆಟ್ಟದ್ದೇನು ಅಂತ ಬರೀರಿ’ ಎಂದಳು.

ಉಪವಿಭಾಗದ ಹೆಸರು, ಊರುಗಳ ಹೆಸರು, ನೆನಪಿದ್ದ ಹನ್ನೊಂದು ಕಲ್ಲುಗಳು ನಿಂತಿದ್ದ ಜಾಗ—ಇಷ್ಟನ್ನು ಬರೆದುಕೊಟ್ಟೆ. ಛಾಯಾಗ್ರಾಹಕರು ಈಗ ಇಲ್ಲ. ಆದರೆ ಅವರ ಮಗನ ಅಂಗಡಿ ಅದೇ ಪೇಟೆಯಲ್ಲಿದೆಯೆಂದು ಕೇಳಿದ್ದೇನೆ. ಹಳೆಯ ನೆಗೆಟಿವ್‌ಗಳನ್ನು ಆ ಮನೆಯವರು ಎಸೆಯದೆ ಇಟ್ಟಿರಬಹುದು. ಮಳೆ ನಿಂತ ಮೇಲೆ ಹುಡುಗರಿಬ್ಬರು ಅಲ್ಲಿಗೆ ಹೊರಟಿದ್ದಾರೆ. ದಾರಿ ತೋರಿಸಲು ನಾನೂ ಹೋಗುತ್ತಿದ್ದೇನೆ.